ಕಲಾವಿದನ ಮತವೂ ಕಲೆಯ ಮನ್ನಣೆಯೂ

ಕಲಾವಿದನೊಬ್ಬನ ಕಲೆಗೆ ಮನ್ನಣೆ ಕೊಡುವ ಮೊದಲು ಅವನ ಸ್ವಂತ ನಂಬಿಕೆಗಳೇನೆಂದು ವಿಚಾರಿಸಬೇಕೇ? ಅವನು ಯಾವ ದೇವರಿಗೆ ಕೈಮುಗಿಯುವನು, ಯಾವ ಪಕ್ಷಕ್ಕೆ ಮತ ನೀಡುವನು, ಯಾವ ಸಭೆಯಲ್ಲಿ ಯಾವ ಮಾತನ್ನಾಡಿದನು ಎಂಬುದನ್ನು ತಿಳಿದ ಬಳಿಕವೇ ಅವನ ಪುಸ್ತಕವನ್ನು ಕೊಳ್ಳಬೇಕೇ, ಅವನ ಆಟಕ್ಕೆ ಹೋಗಬೇಕೇ, ಅವನನ್ನು ವೇದಿಕೆಗೆ ಕರೆಯಬೇಕೇ? ಈ ಪ್ರಶ್ನೆಯು ಹೊಸದಲ್ಲ. ಆದರೆ ಕಳೆದ ಕೆಲವು ವರ್ಷಗಳಿಂದ ಅದು ನಮ್ಮ ಕನ್ನಡನಾಡಿನಲ್ಲಿ ಪದೇ ಪದೇ ತಲೆಯೆತ್ತುತ್ತಿದೆ. ಅದಕ್ಕೆ ದೊರೆಯುತ್ತಿರುವ ಉತ್ತರಗಳಾದರೋ ವಿಚಾರದಿಂದ ಹುಟ್ಟಿದವುಗಳಾಗಿರದೆ ರೋಷದಿಂದ ಹುಟ್ಟಿದವುಗಳಾಗಿವೆ. ಆದುದರಿಂದ ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

೨೦೨೫ನೆಯ ವರ್ಷವೊಂದನ್ನೇ ತೆಗೆದುಕೊಳ್ಳೋಣ. ಆ ವರ್ಷದ ಮೇ ತಿಂಗಳಲ್ಲಿ ಹಾಸನದ ಶ್ರೀಮತಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ, ಅನುವಾದಕಿ ಶ್ರೀಮತಿ ದೀಪಾ ಭಾಸ್ತಿಯವರೊಂದಿಗೆ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯು ದೊರೆಯಿತು. ಕನ್ನಡದ ಕೃತಿಯೊಂದಕ್ಕೆ ಆ ಗೌರವವು ಸಂದುದು ಅದೇ ಮೊದಲು. ನಾಡೆಲ್ಲ ಹಿಗ್ಗಿತು. ಆದರೆ ಮೈಸೂರು ದಸರೆಯ ಉದ್ಘಾಟನೆಗೆ ಸರಕಾರವು ಅವರನ್ನೇ ಆಮಂತ್ರಿಸಿದೊಡನೆ ಹಿಗ್ಗಿದ ಮುಖಗಳಲ್ಲಿ ಕೆಲವು ಕುಗ್ಗಿದವು. ಅವರ ಧರ್ಮವನ್ನೂ, ಕನ್ನಡಾಂಬೆಯ ಕಲ್ಪನೆಯ ವಿಷಯವಾಗಿ ಅವರು ಹಿಂದೊಮ್ಮೆ ಆಡಿದ್ದ ಮಾತನ್ನೂ ಮುಂದೆಮಾಡಿ ಆಕ್ಷೇಪಣೆಗಳೆದ್ದವು. ವ್ಯಾಜ್ಯವು ಹೈಕೋರ್ಟಿಗೂ, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಎರಡೂ ಕಡೆಗಳಲ್ಲಿ ಅರ್ಜಿಗಳು ವಜಾ ಆದವು. ಸೆಪ್ಟೆಂಬರ್ ೨೨ರಂದು ಚಾಮುಂಡಿ ಬೆಟ್ಟದಲ್ಲಿ ಉದ್ಘಾಟನೆಯು ನೆರವೇರಿತು. ೨೦೧೭ರಲ್ಲಿ ಕವಿ ನಿಸಾರ್ ಅಹಮದರು ಅದೇ ಕಾರ್ಯವನ್ನು ನೆರವೇರಿಸಿದ್ದರೆಂಬುದನ್ನು ಅನೇಕರು ಮರೆತೇಬಿಟ್ಟಿದ್ದರು.

ಅದೇ ಮೇ ತಿಂಗಳಿನಲ್ಲಿ ಇನ್ನೊಂದು ಪ್ರಸಂಗವು ನಡೆಯಿತು. ತಮಿಳು ನಟ ಶ್ರೀ ಕಮಲಹಾಸನರು ತಮ್ಮ 'ಥಗ್ ಲೈಫ್' ಎಂಬ ಚಿತ್ರದ ಸಮಾರಂಭದಲ್ಲಿ ಕನ್ನಡವು ತಮಿಳಿನಿಂದ ಹುಟ್ಟಿದ ಭಾಷೆಯೆಂದು ಹೇಳಿದರು. ಕನ್ನಡಿಗರಿಗೆ ಕೋಪ ಬಂದುದು ಸಹಜವೇ ಸರಿ. ಆದರೆ ಆ ಕೋಪವು ಚಿತ್ರವನ್ನೇ ರಾಜ್ಯದಲ್ಲಿ ತೋರಿಸಕೂಡದೆಂಬ ಹಟವಾಗಿ ಮಾರ್ಪಟ್ಟಿತು. ಕೊನೆಗೆ ಸುಪ್ರೀಂ ಕೋರ್ಟು, ಮಂಡಳಿಯ ಪ್ರಮಾಣಪತ್ರವನ್ನು ಪಡೆದ ಚಿತ್ರಕ್ಕೆ ಗುಂಪಿನ ಬೆದರಿಕೆಯಿಂದ ತಡೆಯುಂಟಾಗಕೂಡದೆಂದೂ, ರಕ್ಷಣೆ ಕೊಡುವುದು ಸರಕಾರದ ಹೊಣೆಯೆಂದೂ ತಿಳಿಸಬೇಕಾಯಿತು.

ಇವೆರಡು ಪ್ರಸಂಗಗಳು ಒಂದೇ ಬಗೆಯವಲ್ಲವೆಂಬುದನ್ನು ನಾವು ಬಲ್ಲೆವು. ಒಂದರಲ್ಲಿ ವಿವಾದವಿದ್ದುದು ಸಾರ್ವಜನಿಕ ಗೌರವದ ಬಗೆಗೆ. ಇನ್ನೊಂದರಲ್ಲಿ ಕೃತಿಯು ಜನರ ಕಣ್ಣಿಗೆ ಬೀಳಬಹುದೇ ಬೀಳಬಾರದೇ ಎಂಬುದರ ಬಗೆಗೆ. ಈ ವ್ಯತ್ಯಾಸಕ್ಕೆ ಮುಂದೆ ಬರುವೆವು. ಸದ್ಯಕ್ಕೆ ಒಂದು ಮಾತನ್ನು ಮಾತ್ರ ಸ್ಪಷ್ಟಪಡಿಸಬೇಕಾಗಿದೆ. ಈ ದೋಷವು ಯಾವುದೊಂದು ಪಕ್ಷದ ಸೊತ್ತಲ್ಲ. ೨೦೧೪ರ ಆಗಸ್ಟಿನಲ್ಲಿ ಡಾ. ಅನಂತಮೂರ್ತಿಯವರು ತೀರಿಕೊಂಡಾಗ, ಅವರ ರಾಜಕೀಯ ಮಾತುಗಳಿಂದ ಸಿಟ್ಟಿಗೆದ್ದಿದ್ದ ಕೆಲವರು ರಾಜ್ಯದ ಕೆಲವೆಡೆಗಳಲ್ಲಿ ಪಟಾಕಿ ಸಿಡಿಸಿದ ವರ್ತಮಾನವು ಬಂದಿತು, ನಾಡು ತಲೆತಗ್ಗಿಸಿತು. ಅತ್ತ ೨೦೦೭ರಲ್ಲಿ ಡಾ. ಭೈರಪ್ಪನವರ 'ಆವರಣ'ವು ಹೊರಬಂದಾಗ, ಅದನ್ನು ಓದದೆಯೇ ಖಂಡಿಸಿದವರೂ, ಆ ಒಂದು ಪುಸ್ತಕದ ದೆಸೆಯಿಂದ 'ವಂಶವೃಕ್ಷ'ವನ್ನೂ 'ಪರ್ವ'ವನ್ನೂ ತಮ್ಮ ಕಪಾಟಿನಿಂದ ಹೊರಗಿಟ್ಟವರೂ ನಮ್ಮಲ್ಲಿದ್ದಾರೆ. ನೆಗಡಿ ಬಂದಿತೆಂದು ಮೂಗನ್ನು ಕೊಯ್ದುಕೊಳ್ಳುವ ಬುದ್ಧಿವಂತಿಕೆಯು ಬಲಕ್ಕೂ ಎಡಕ್ಕೂ ಸಮಾನವಾಗಿ ಹಂಚಿಹೋಗಿದೆ.

ದೊಡ್ಡ ಪಟ್ಟಣಗಳ ಈ ಗದ್ದಲದಿಂದ ನಮ್ಮ ನೆಲ್ಯಾಡಿಗೇನು ಎಂದು ಕೆಲವರು ಕೇಳಬಹುದು. ಸಂಬಂಧವು ಬಹಳವಾಗಿದೆ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ, ಉಪ್ಪಿನಂಗಡಿಗೂ ಶಿರಾಡಿಯ ಘಾಟಿಗೂ ನಡುವೆ ಇರುವ ಈ ಪೇಟೆಯಲ್ಲಿ ಒಂದು ಗಳಿಗೆ ನಿಂತರೆ ತುಳು, ಕನ್ನಡ, ಬ್ಯಾರಿ, ಮಲೆಯಾಳಗಳು ಕಿವಿಗೆ ಬೀಳುವುವು. ತಿರುವಾಂಕೂರಿನ ಕಡೆಯಿಂದ ಬಂದು ಕಾಡು ಕಡಿದು ರಬ್ಬರು ಬೆಳೆಸಿದ ಕ್ರೈಸ್ತ ಕೃಷಿಕರೂ, ತಲೆಮಾರುಗಳಿಂದ ಅಡಕೆಯ ತೋಟವನ್ನು ನಂಬಿದವರೂ, ವ್ಯಾಪಾರವನ್ನು ನಂಬಿದ ಮುಸಲ್ಮಾನರೂ ಒಂದೇ ಸಂತೆಯಲ್ಲಿ ಕೊಳ್ಳುವರು. ಇಂತಹ ಊರಿನಲ್ಲಿ ಒಂದು ತಾಳಮದ್ದಳೆಯನ್ನೋ, ಒಂದು ಬಯಲಾಟವನ್ನೋ, ಒಂದು ಪುಸ್ತಕದ ಸಭೆಯನ್ನೋ ಏರ್ಪಡಿಸುವವರು, ಕಲಾವಿದರ ಪಟ್ಟಿಯನ್ನು ಹಿಡಿದು "ಇವನ ಮತ ಯಾವುದು? ಇವನು ಯಾರ ಕಡೆಯವನು?" ಎಂದು ಒಂದೊಂದೇ ಹೆಸರಿಗೆ ಗೀಟೆಳೆಯತೊಡಗಿದರೆ, ಕೊನೆಗೆ ಪಟ್ಟಿಯಲ್ಲಿ ಉಳಿಯುವವರು ಯಾರು? ಸಭೆಯಲ್ಲಿ ಕೂಡುವವರು ಯಾರು?

ಈ ಸೀಮೆಯ ಮಣ್ಣಿನಲ್ಲಿಯೇ ಹುಟ್ಟಿದ ಒಬ್ಬ ಲೇಖಕರ ಉದಾಹರಣೆಯನ್ನು ಕೊಡುತ್ತೇವೆ. ಸುಬ್ರಹ್ಮಣ್ಯದ ಬಳಿಯ ಕುಳ್ಕುಂದದಲ್ಲಿ ೧೯೨೪ರಲ್ಲಿ ಹುಟ್ಟಿದ ಶಿವರಾಯರು 'ನಿರಂಜನ'ರೆಂಬ ಹೆಸರಿನಿಂದ ಕನ್ನಡಕ್ಕೆಲ್ಲ ಪರಿಚಿತರಾದರು. ಅವರು ಕಮ್ಯೂನಿಸ್ಟರು, ಅದನ್ನು ಎಂದೂ ಮುಚ್ಚಿಟ್ಟವರಲ್ಲ. ೧೯೪೩ರ ಮಾರ್ಚ್ ೨೯ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿದ ಕಯ್ಯೂರಿನ ನಾಲ್ವರು ರೈತ ತರುಣರ ಕಥೆಯನ್ನು ಅವರು 'ಚಿರಸ್ಮರಣೆ'ಯಾಗಿ ಬರೆದರು. ಕಯ್ಯೂರು ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿಗೆ ಸೇರಿದ ಊರು. ಅದೇ ಲೇಖನಿಯಿಂದ 'ಕಲ್ಯಾಣಸ್ವಾಮಿ'ಯೂ ಬಂದಿತು. ೧೮೩೭ರಲ್ಲಿ ಅಮರಸುಳ್ಯದ ರೈತರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿನವರೆಗೆ ನಡೆದು ಕುಂಪಣಿಯ ಸರಕಾರವನ್ನು ನಡುಗಿಸಿದ ದಂಗೆಯ ಕಥೆಯದು. ೨೦೨೨ರಲ್ಲಿ ಆ ದಂಗೆಯ ನಾಯಕ ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆಯು ಮಂಗಳೂರಿನ ಬಾವುಟಗುಡ್ಡದಲ್ಲಿ ನಿಂತಾಗ ಎಲ್ಲ ಪಕ್ಷದವರೂ ಹೆಮ್ಮೆಪಟ್ಟರು. ಆದರೆ ಆ ದಂಗೆಯನ್ನು ಎಷ್ಟೋ ವರ್ಷಗಳ ಮೊದಲೇ ಕಾದಂಬರಿಯನ್ನಾಗಿಸಿ ಕನ್ನಡದ ಓದುಗರ ಮನೆಮನೆಗೆ ಮುಟ್ಟಿಸಿದವರು ಕಮ್ಯೂನಿಸ್ಟ್ ನಿರಂಜನರು. ಅವರ ಮತವನ್ನು ನೋಡಿ ಪುಸ್ತಕವನ್ನು ದೂರವಿಟ್ಟಿದ್ದ ದೇಶಾಭಿಮಾನಿಯು ತನ್ನ ನೆಲದ ಸ್ವಾತಂತ್ರ್ಯಸಮರದ ಒಂದು ಅಧ್ಯಾಯವನ್ನೇ ದೂರವಿಟ್ಟಂತಾಗುತ್ತಿತ್ತು. ಏಳು ಸಂಪುಟಗಳ 'ಜ್ಞಾನಗಂಗೋತ್ರಿ'ಯನ್ನೂ ಇಪ್ಪತ್ತೈದು ಸಂಪುಟಗಳ 'ವಿಶ್ವಕಥಾಕೋಶ'ವನ್ನೂ ಸಂಪಾದಿಸಿಕೊಟ್ಟವರೂ ಅವರೇ. ನಮ್ಮ ಮಕ್ಕಳು ಅದನ್ನು ಓದಿ ವಿದ್ಯಾವಂತರಾದರು. ಪಕ್ಷಕ್ಕೆ ಸೇರಿದವರು ಸೇರಿದರು, ಸೇರದವರು ಸೇರಲಿಲ್ಲ.

ಇನ್ನು ಪುತ್ತೂರಿನ ಕಡೆಗೆ ತಿರುಗೋಣ. ಡಾ. ಶಿವರಾಮ ಕಾರಂತರು ಸುಮಾರು ನಾಲ್ಕು ದಶಕಗಳ ಕಾಲ ಪುತ್ತೂರಿನಲ್ಲಿ ಬಾಳಿದರು. ಬಾಲವನವು ಇಂದಿಗೂ ಅದಕ್ಕೆ ಸಾಕ್ಷಿಯಾಗಿದೆ. ದೇವರ ವಿಷಯದಲ್ಲಿ ಅವರ ವಿಚಾರವೇನೆಂಬುದು ಯಾರಿಗೂ ಗುಟ್ಟಾಗಿರಲಿಲ್ಲ. ಗುಡಿಗೆ ಹೋಗಿ ಕೈಮುಗಿಯುವವರ ಪೈಕಿ ಅವರಲ್ಲ. ಆದರೂ ದೇವರ ಹೆಸರಿನಲ್ಲಿಯೇ ಆರಂಭವಾಗಿ ದೇವರ ಹೆಸರಿನಲ್ಲಿಯೇ ಮಂಗಳವಾಗುವ ಯಕ್ಷಗಾನಕ್ಕಾಗಿ ಅವರು ತಮ್ಮ ಆಯುಷ್ಯದ ಎಷ್ಟೋ ವರ್ಷಗಳನ್ನು ಸವೆಸಿದರು. 'ಯಕ್ಷಗಾನ ಬಯಲಾಟ'ವೆಂಬ ಅವರ ಗ್ರಂಥಕ್ಕೆ ೧೯೫೯ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು. ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಅವರು ಪದ್ಮಭೂಷಣವನ್ನು ಹಿಂದಿರುಗಿಸಿದರು. ಆದರೂ ೧೯೭೭ರ ಜ್ಞಾನಪೀಠವು ಅವರಿಗೆ ಸಂದಿತು. ೧೯೮೯ರಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು; ಜನರು ಅವರನ್ನು ಗೆಲ್ಲಿಸಲಿಲ್ಲ. ಆದರೆ ಅವರಿಗೆ ಮತ ನೀಡದ ಮತದಾರನು 'ಚೋಮನ ದುಡಿ'ಯನ್ನು ಮನೆಯಿಂದ ಹೊರಗೆಸೆಯಲಿಲ್ಲ. ಅಭಿಪ್ರಾಯವನ್ನು ಮತಪೆಟ್ಟಿಗೆಯಲ್ಲಿಯೂ ಕಾದಂಬರಿಯನ್ನು ಓದಿನ ಮೇಜಿನಲ್ಲಿಯೂ ಬೇರೆಬೇರೆಯಾಗಿ ತೂಗಿದ ಆ ಸಾಮಾನ್ಯ ಮನುಷ್ಯನ ವಿವೇಕವೇ ಈ ಲೇಖನದ ತಿರುಳಾಗಿದೆ.

ನಮ್ಮ ಕರಾವಳಿಯ ಜನರಿಗೆ ಈ ವಿವೇಕವನ್ನು ಕಲಿಸಿದ ಗುರುವೆಂದರೆ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತನ ಹಾಡು, ಚೆಂಡೆಮದ್ದಳೆಗಳ ಹಿಮ್ಮೇಳ, ಎದುರುಬದುರಾಗಿ ಕುಳಿತ ಅರ್ಥಧಾರಿಗಳ ಮಾತು, ಇಷ್ಟೇ. ಇಂದು ರಾಮನ ಅರ್ಥ ಹೇಳಿದವನು ನಾಳೆ ರಾವಣನ ಅರ್ಥ ಹೇಳುವನು. ಕೌರವನ ಪಕ್ಷವನ್ನು ಸಮರ್ಥಿಸುವವನ ವಾದವು ಬಲವಾಗಿದ್ದರೆ ಧರ್ಮರಾಯನ ಭಕ್ತರೂ ತಲೆದೂಗುವರು. ಆಟ ಮುಗಿದ ಮೇಲೆ "ನೀನು ಕೌರವನ ಕಡೆಯವನು" ಎಂದು ಅವನಿಗೆ ಊಟವನ್ನು ನಿರಾಕರಿಸಿದವರುಂಟೇ? ಸುಳ್ಯ ತಾಲೂಕಿನ ಸಂಪಾಜೆಯ ಶ್ರೀ ಜಬ್ಬಾರ್ ಸಮೋ ಅವರು ಹುಟ್ಟಿನಿಂದ ಮುಸಲ್ಮಾನರು. ಪುರಾಣಪ್ರಸಂಗಗಳ ಅರ್ಥಧಾರಿಗಳಾಗಿ ಪ್ರಸಿದ್ಧರು. ಅವರ ಮಾತನ್ನು ಕೇಳಲು ಕುಳಿತವನು ತೂಗುವುದು ಪಾತ್ರದ ಔಚಿತ್ಯವನ್ನು, ಪುರಾಣದ ತಿಳಿವಳಿಕೆಯನ್ನು, ಭಾಷೆಯ ಬಿಗಿಯನ್ನು. ಅವರು ಸಂಜೆ ಎತ್ತ ಮುಖಮಾಡಿ ಪ್ರಾರ್ಥಿಸುವರೆಂಬುದು ಆ ತಕ್ಕಡಿಯಲ್ಲಿ ಬೀಳತಕ್ಕ ವಸ್ತುವೇ ಅಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪಣೆಯು ಬರುವುದು. ಅದನ್ನು ನಾವು ತೇಲಿಸಿಬಿಡಲು ಇಚ್ಛಿಸುವುದಿಲ್ಲ. ಅರ್ಥಧಾರಿಯು ಪಾತ್ರದ ಮಾತನ್ನಾಡುವನು. ಆದರೆ ಕಾದಂಬರಿಕಾರನು ತನ್ನ ಮಾತನ್ನೇ ಆಡುವನಲ್ಲವೇ? 'ಚಿರಸ್ಮರಣೆ'ಯಿಂದ ನಿರಂಜನರ ಕಮ್ಯೂನಿಸಮ್ಮನ್ನು ಬೇರ್ಪಡಿಸಲಾದೀತೇ? 'ಆವರಣ'ದಿಂದ ಭೈರಪ್ಪನವರ ಇತಿಹಾಸದೃಷ್ಟಿಯನ್ನು ಬೇರ್ಪಡಿಸಲಾದೀತೇ? ಆಗದು, ಬೇರ್ಪಡಿಸಬೇಕೆಂದು ನಾವು ಹೇಳುವುದೂ ಇಲ್ಲ. ನಂಬಿಕೆಯು ಕೃತಿಯೊಳಗೆ ಬಂದಿದ್ದರೆ ಅದನ್ನು ಕೃತಿಯೊಳಗೇ ಹಿಡಿದು ಪರೀಕ್ಷಿಸತಕ್ಕದ್ದು. ಅದು ಪಾತ್ರಗಳಿಗೆ ಜೀವ ತುಂಬಿದೆಯೇ, ಇಲ್ಲವೇ ಅವುಗಳನ್ನು ಸೂತ್ರದ ಬೊಂಬೆಗಳನ್ನಾಗಿ ಮಾಡಿದೆಯೇ? ಸತ್ಯವನ್ನು ತೋರಿಸಿದೆಯೇ, ಮರೆಸಿದೆಯೇ? ಇದು ವಿಮರ್ಶಕನ ಕೆಲಸ. ಇದಕ್ಕೆ ಪುಸ್ತಕವನ್ನು ಓದಬೇಕು. ಲೇಖಕನ ಸಭೆಯ ಭಾಷಣವನ್ನು ಕೇಳಿ ಪುಸ್ತಕಕ್ಕೆ ಶಿಕ್ಷೆ ಕೊಡುವುದಾದರೆ, ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದಂತೆ ಆಗುವುದು.

ಕೆಲಸದಲ್ಲಿ ಪ್ರಾಮಾಣಿಕತೆಯಿದ್ದರೆ ಅದು ಕೆಲಸ ಮಾಡಿದವನ ಉದ್ದೇಶವನ್ನೂ ಮೀರಿ ನಿಲ್ಲುವುದೆಂಬುದಕ್ಕೆ ನಮ್ಮ ಜಿಲ್ಲೆಯೇ ದೊಡ್ಡ ಪ್ರಮಾಣವನ್ನು ಕೊಟ್ಟಿದೆ. ಬಾಸೆಲ್ ಮಿಶನ್ನಿನ ಪಾದ್ರಿಗಳು ಇಲ್ಲಿಗೆ ಬಂದುದು ತಮ್ಮ ಧರ್ಮವನ್ನು ಸಾರುವುದಕ್ಕಾಗಿ. ಅವರಲ್ಲೊಬ್ಬರಾದ ಮೊಗ್ಲಿಂಗರು ೧೮೪೩ರ ಜುಲೈ ೧ರಂದು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಆ ದಿನವನ್ನೇ ನಾವು ಪತ್ರಿಕೋದ್ಯೋಗಿಗಳೆಲ್ಲ ಕನ್ನಡ ಪತ್ರಿಕಾ ದಿನವೆಂದು ಆಚರಿಸುತ್ತಿದ್ದೇವೆ. ಕಿಟ್ಟೆಲರು ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಕನ್ನಡ ನಿಘಂಟನ್ನು ರಚಿಸಿ ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಅವರ ಮತಪ್ರಚಾರವನ್ನು ಒಪ್ಪದ ಪಂಡಿತರೂ ಆ ನಿಘಂಟನ್ನು ಕೈಯಿಂದ ಕೆಳಗಿಡಲಿಲ್ಲ. ಅತ್ತ ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಾಗದೆಯೇ ಯೇಸುವಿನ ಕೊನೆಯ ದಿನವನ್ನು 'ಗೊಲ್ಗೊಥಾ' ಎಂಬ ಕಾವ್ಯವನ್ನಾಗಿ ಮಾಡಿದರು. ಬೌದ್ಧರಾಗದೆಯೇ ಬುದ್ಧನ ಕೊನೆಯ ದಿನವನ್ನು 'ವೈಶಾಖಿ'ಯನ್ನಾಗಿ ಮಾಡಿದರು. ಸಾವಿರ ವರ್ಷಗಳಿಗೂ ಹಿಂದೆ ಜಿನಭಕ್ತನಾದ ಪಂಪನು ಭಾರತದ ಕಥೆಯನ್ನು ಕನ್ನಡಕ್ಕೆ ತಂದನು; ವೈಷ್ಣವರೂ ಶೈವರೂ ಅವನನ್ನು ಆದಿಕವಿಯೆಂದು ಕರೆದರು. ಮತವನ್ನು ವಿಚಾರಿಸಿ ಕಾವ್ಯವನ್ನು ಕಟ್ಟಿಡುವ ಪದ್ಧತಿಯು ಮೊದಲಿನಿಂದಲೂ ನಮ್ಮಲ್ಲಿದ್ದಿದ್ದರೆ ಕನ್ನಡ ಸಾಹಿತ್ಯದ ಚರಿತ್ರೆಯು ಮೊದಲ ಪುಟದಲ್ಲಿಯೇ ಮುಗಿದುಹೋಗುತ್ತಿತ್ತು. ನದೀಮೂಲವನ್ನೂ ಋಷಿಮೂಲವನ್ನೂ ಹುಡುಕಬಾರದೆಂದು ಹಿರಿಯರು ಹೇಳಿದ ಮಾತಿಗೆ ಕಾರಣವಿಲ್ಲದಿಲ್ಲ. ಉಪ್ಪಿನಂಗಡಿಯ ಸಂಗಮದಲ್ಲಿ ಮೀಯುವವನು ಇದು ಕುಮಾರಧಾರೆಯ ನೀರೋ ನೇತ್ರಾವತಿಯ ನೀರೋ ಎಂದು ಬೊಗಸೆಯನ್ನು ಸೋಸುತ್ತ ಕೂಡುವುದಿಲ್ಲ.

ಹಾಗಾದರೆ ಕಲಾವಿದನು ಏನನ್ನು ನಂಬಿದರೂ, ಏನನ್ನು ಮಾಡಿದರೂ ನಾವು ಕಣ್ಣುಮುಚ್ಚಿ ಚಪ್ಪಾಳೆ ತಟ್ಟುತ್ತಿರಬೇಕೇ? ಹಾಗಲ್ಲ. ಹೊರದೇಶಗಳಲ್ಲಿ ಇದಕ್ಕಿಂತ ಕಠಿನವಾದ ಪರೀಕ್ಷೆಗಳು ನಡೆದಿವೆ. ನಾರ್ವೆಯ ಕ್ನೂಟ್ ಹಾಮ್ಸನ್ ಎಂಬ ಕಾದಂಬರಿಕಾರನು, ಕಾಡಿನಲ್ಲಿ ನೆಲವನ್ನು ಅಗೆದು ಬದುಕು ಕಟ್ಟಿದ ಒಕ್ಕಲಿಗನ ಕಥೆಯನ್ನು ಬರೆದು ೧೯೨೦ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ನೆಲ್ಯಾಡಿಯ ಗುಡ್ಡಗಳನ್ನು ಹಸನು ಮಾಡಿದ ಕೃಷಿಕನು ಅದನ್ನು ಓದಿದರೆ ತನ್ನದೇ ಕಥೆಯೆಂದಾನು. ಅದೇ ಹಾಮ್ಸನನು ತನ್ನ ದೇಶವನ್ನು ನಾಜಿಗಳು ತುಳಿಯುತ್ತಿದ್ದಾಗ ಅವರ ಪಕ್ಷವನ್ನು ವಹಿಸಿ, ೧೯೪೩ರಲ್ಲಿ ತನ್ನ ನೊಬೆಲ್ ಪದಕವನ್ನು ಗೊಬೆಲ್ಸನಿಗೆ ಕಳುಹಿಸಿದನು. ಯುದ್ಧವು ಮುಗಿದ ಮೇಲೆ ನಾರ್ವೆಯು ಅವನನ್ನು ನ್ಯಾಯಾಲಯಕ್ಕೆ ತಂದು ಭಾರಿಯಾದ ದಂಡವನ್ನು ವಿಧಿಸಿತು. ಅವನ ಕಾದಂಬರಿಗಳು ಇಂದಿಗೂ ಅಲ್ಲಿ ಓದಲ್ಪಡುತ್ತವೆ. ಅಪರಾಧಕ್ಕೆ ಶಿಕ್ಷೆಯಾಯಿತು, ಪುಸ್ತಕಕ್ಕೆ ಆಗಲಿಲ್ಲ.

ಜರ್ಮನಿಯ ಸಂಗೀತಗಾರ ವಾಗ್ನರನ ವಿಷಯವು ಇನ್ನೂ ಸೂಕ್ಷ್ಮವಾದದ್ದು. ಯೆಹೂದ್ಯರ ಬಗೆಗೆ ಅವನು ದ್ವೇಷದ ಲೇಖನವನ್ನು ಬರೆದಿದ್ದನು. ಹಿಟ್ಲರನು ಅವನ ಸಂಗೀತವನ್ನು ತಲೆಯ ಮೇಲೆ ಹೊತ್ತನು. ೧೯೩೮ರಿಂದ ಯೆಹೂದ್ಯರ ವಾದ್ಯಮೇಳವು ಅವನ ಸಂಗೀತವನ್ನು ನುಡಿಸುವುದನ್ನು ಬಿಟ್ಟಿತು. ಇಸ್ರೇಲಿನಲ್ಲಿ ಕಾನೂನಿಲ್ಲದೆಯೇ ಆ ಬಹಿಷ್ಕಾರವು ಮುಂದುವರಿಯಿತು. ತಮ್ಮವರನ್ನು ಕಳೆದುಕೊಂಡವರಿಗೆ ಆ ಸ್ವರಗಳು ಏನನ್ನು ನೆನಪಿಗೆ ತರುವುವೆಂಬುದನ್ನು ಬಲ್ಲ ಯಾವನೂ ಅವರನ್ನು ದೂರಲಾರನು. ೨೦೦೧ರ ಜುಲೈಯಲ್ಲಿ ಜೆರೂಸಲೇಮಿನಲ್ಲಿ, ಸ್ವತಃ ಯೆಹೂದ್ಯರಾದ ಬಾರೆನ್‌ಬೋಯಿಮರು ಕಚೇರಿಯು ಮುಗಿದ ಮೇಲೆ ಸಭಿಕರನ್ನು ಕುರಿತು, ವಾಗ್ನರನ ಒಂದು ಭಾಗವನ್ನು ನುಡಿಸಬಹುದೇ ಎಂದು ಕೇಳಿದರು. ಬಹಳ ಹೊತ್ತು ಚರ್ಚೆಯಾಯಿತು. ಒಲ್ಲದವರು ಎದ್ದು ಹೋದರು, ಉಳಿದವರು ಕೇಳಿದರು. ಈ ಪ್ರಸಂಗದಲ್ಲಿ ಇಡಿಯ ಪ್ರಶ್ನೆಗೆ ಉತ್ತರವಿದೆಯೆಂದು ನಮಗೆ ತೋರುತ್ತದೆ. ಎದ್ದು ಹೋಗುವವನಿಗೆ ಬಾಗಿಲು ತೆರೆದಿರಬೇಕು. ಕುಳಿತು ಕೇಳುವವನಿಗೆ ಬಾಗಿಲು ಮುಚ್ಚಿರಕೂಡದು.

ಇದರಿಂದ ನಾವು ನಾಲ್ಕು ಕಾರ್ಯಗಳನ್ನು ಬೇರೆಬೇರೆಯಾಗಿ ಎಣಿಸಬೇಕೆಂದು ಸೂಚಿಸುತ್ತೇವೆ. ಇವುಗಳನ್ನು ಒಟ್ಟಿಗೆ ಕಲಸಿದುದರಿಂದಲೇ ಇಷ್ಟೆಲ್ಲ ಗೊಂದಲವುಂಟಾಗಿದೆ.

ಮೊದಲನೆಯದು, ಓದುವುದು, ನೋಡುವುದು, ಕೇಳುವುದು. ಇದರಲ್ಲಿ ಕಲಾವಿದನ ನಂಬಿಕೆಯು ಅಡ್ಡಬರಬಾರದು. ನಮಗೆ ವಿರುದ್ಧವಾದ ಮತದವನ ಪುಸ್ತಕವನ್ನು ಓದುವುದರಿಂದ ನಮ್ಮ ಮತವು ಕರಗಿಹೋಗುವುದಾದರೆ ಅದು ಉಳಿಯಲು ಯೋಗ್ಯವಾದ ಮತವೇ ಅಲ್ಲ. ಶ್ರೀ ಗಿರೀಶ ಕಾರ್ನಾಡರೂ ಡಾ. ಭೈರಪ್ಪನವರೂ ವಿಚಾರದಲ್ಲಿ ಉತ್ತರದಕ್ಷಿಣ ಧ್ರುವಗಳಾದರು. ಟಿಪ್ಪುವಿನ ವಿಷಯವಾಗಿ ೨೦೦೬ರಲ್ಲಿ ಪತ್ರಿಕೆಯಲ್ಲಿ ನಡೆದ ವಾದವನ್ನು ವಾಚಕರು ಮರೆತಿರಲಾರರು. ಆದರೆ 'ವಂಶವೃಕ್ಷ'ವನ್ನೂ 'ತಬ್ಬಲಿಯು ನೀನಾದೆ ಮಗನೆ'ಯನ್ನೂ ಬಿ. ವಿ. ಕಾರಂತರ ಜೊತೆಗೂಡಿ ಚಿತ್ರವನ್ನಾಗಿಸಿದವರು ಅದೇ ಕಾರ್ನಾಡರು. ಆ ಚಿತ್ರಗಳಿಂದ ಕನ್ನಡಕ್ಕೆ ಲಾಭವಾಯಿತೇ ಹೊರತು ನಷ್ಟವಾಗಲಿಲ್ಲ.

ಎರಡನೆಯದು, ಹಣ ಕೊಡುವುದು. ತನ್ನ ಕಿಸೆಯ ರೂಪಾಯಿಯನ್ನು ಎಲ್ಲಿ ವೆಚ್ಚ ಮಾಡಬೇಕೆಂಬುದು ಪ್ರತಿಯೊಬ್ಬನ ಸ್ವಾತಂತ್ರ್ಯ. ವಿದೇಶಿ ಬಟ್ಟೆಯನ್ನು ಬಹಿಷ್ಕರಿಸಿ ಸ್ವರಾಜ್ಯವನ್ನು ಗಳಿಸಿದ ದೇಶದಲ್ಲಿ ಈ ಹಕ್ಕನ್ನು ಅಲ್ಲಗಳೆಯುವವರಾರು? ಕಮಲಹಾಸನರ ಮಾತಿನಿಂದ ನೊಂದ ಕನ್ನಡಿಗನು ಅವರ ಚಿತ್ರಕ್ಕೆ ಹೋಗದೆ ಮನೆಯಲ್ಲಿ ಕುಳಿತರೆ ಅದು ನ್ಯಾಯ. ಆದರೆ ಪಕ್ಕದ ಮನೆಯವನು ಹೋಗುವುದನ್ನು ತಡೆದರೆ ಅನ್ಯಾಯ. ಸ್ವಂತ ತ್ಯಾಗವೇ ಬಹಿಷ್ಕಾರದ ಧರ್ಮ. ಪರರ ಬಾಗಿಲಿಗೆ ಬೀಗ ಜಡಿಯುವುದು ಬಲಾತ್ಕಾರ.

ಮೂರನೆಯದು, ಸನ್ಮಾನ. ಇಲ್ಲಿ ಜನರಿಗೆ ಚರ್ಚಿಸುವ ಹಕ್ಕು ಹೆಚ್ಚಾಗಿದೆ. ಏಕೆಂದರೆ ಗೌರವವು ಎಲ್ಲರ ಹೆಸರಿನಲ್ಲಿ ಕೊಡಲ್ಪಡುವುದು. ೨೦೧೨ರಲ್ಲಿ ಮುಂಬಯಿಯ ಸಾಹಿತ್ಯೋತ್ಸವವೊಂದರಲ್ಲಿ ನೈಪಾಲರಿಗೆ ಜೀವಮಾನದ ಸಾಧನೆಗಾಗಿ ಪ್ರಶಸ್ತಿ ಕೊಟ್ಟಾಗ, ಭಾರತದ ಮುಸಲ್ಮಾನರ ಬಗೆಗಿನ ನೈಪಾಲರ ಅಭಿಪ್ರಾಯಗಳನ್ನು ಕಾರ್ನಾಡರು ಅದೇ ಉತ್ಸವದ ವೇದಿಕೆಯಿಂದಲೇ ಟೀಕಿಸಿದರು. ಕೆಲವರು ಅದನ್ನು ಅಸಭ್ಯತೆಯೆಂದರು, ನಾವು ಹಾಗೆನ್ನಲಾರೆವು. ಆದರೆ ಒಂದು ನಿಯಮವನ್ನು ಎರಡು ಕಡೆಯವರೂ ಒಪ್ಪಬೇಕು. ಕೃತಿಗಾಗಿ ಕೊಟ್ಟ ಗೌರವವನ್ನು ಕೃತಿಯಿಂದಲೇ ಅಳೆಯಬೇಕು. ಜೀವನಕ್ಕಾಗಿ ಕೊಟ್ಟ ಗೌರವವನ್ನು ಜೀವನದಿಂದ ಅಳೆಯಬಹುದು. ಕಾರ್ನಾಡರಿಗೆ ನೈಪಾಲರನ್ನು ಟೀಕಿಸುವ ಹಕ್ಕಿದ್ದರೆ, ಕಾರ್ನಾಡರನ್ನು ಟೀಕಿಸುವ ಹಕ್ಕು ಇನ್ನೊಬ್ಬನಿಗೂ ಇದೆ. ದಸರೆಯ ವಿಷಯದಲ್ಲಿ ಆಕ್ಷೇಪಣೆಯನ್ನೆತ್ತಿದವರ ಬಾಯನ್ನು ಮುಚ್ಚಿಸಬೇಕೆಂದು ನಾವು ಹೇಳುವುದಿಲ್ಲ. ಆಡಿದ ಮಾತನ್ನು ಟೀಕಿಸಬಹುದು. ಹುಟ್ಟನ್ನು ಅನರ್ಹತೆಯೆಂದು ಎಣಿಸುವುದು ಟೀಕೆಯಲ್ಲ. ಕನ್ನಡಕ್ಕೆ ಕೀರ್ತಿ ತಂದ ಲೇಖಕಿಯನ್ನು ನಾಡಹಬ್ಬಕ್ಕೆ ಕರೆದುದು ಯೋಗ್ಯವೇ ಆಗಿತ್ತು.

ನಾಲ್ಕನೆಯದು, ತಡೆ. ಸರಕಾರದಿಂದಾಗಲಿ, ಗುಂಪಿನಿಂದಾಗಲಿ, ಕಲಾವಿದನ ನಂಬಿಕೆಯ ಕಾರಣದಿಂದ ಕೃತಿಗೆ ತಡೆಯುಂಟಾಗಕೂಡದು. ಕನ್ನಡವು ತಮಿಳಿನಿಂದ ಹುಟ್ಟಿತೆಂಬುದು ತಪ್ಪು. ಎರಡೂ ಒಂದೇ ದ್ರಾವಿಡ ಮೂಲದಿಂದ ಕವಲೊಡೆದ ಭಾಷೆಗಳೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಐದನೆಯ ಶತಮಾನದ ಹಲ್ಮಿಡಿಯ ಕಲ್ಲು ನಮ್ಮ ಕೈಯಲ್ಲಿರುವಾಗ ಚಿತ್ರಮಂದಿರದ ಮೇಲೆ ಎಸೆಯಲು ಬೇರೆ ಕಲ್ಲನ್ನು ಹುಡುಕಬೇಕಾದುದಿಲ್ಲ. ಹಿಂಸೆಗೆ ಪ್ರಚೋದಿಸುವುದು, ವಂಚಿಸುವುದು, ಪರರ ಮೈಮೇಲೆ ಕೈಮಾಡುವುದು ನಂಬಿಕೆಗಳಲ್ಲ, ಕೃತ್ಯಗಳು. ಅವುಗಳಿಗೆ ಕಾನೂನು ಇದೆ. ಕಲಾವಿದನೆಂಬ ಕಾರಣಕ್ಕೆ ಅದರಲ್ಲಿ ರಿಯಾಯಿತಿಯೂ ಸಲ್ಲದು.

ಹರಕೆಯ ಆಟದ ಮಾತೇನೆಂದು ಭಕ್ತರು ಕೇಳಬಹುದು. ಅದು ದೇವರಿಗೆ ಸಲ್ಲಿಸುವ ಸೇವೆ. ಅಲ್ಲಿ ಚೌಕಿಯ ಶುದ್ಧಿ, ರಂಗಸ್ಥಳದ ಕಟ್ಟಳೆಗಳಿಗೆ ಪ್ರತಿಯೊಬ್ಬನೂ ತಲೆಬಾಗತಕ್ಕದ್ದು. ಆದರೆ ಕಟ್ಟಳೆಯು ನಡತೆಗೆ ಸಂಬಂಧಿಸಿದ್ದು, ಎಲ್ಲರಿಗೂ ಸಮಾನವಾದದ್ದು. ಗೆಜ್ಜೆ ಕಟ್ಟಿದವನ ಎದೆಯೊಳಗೆ ಭಕ್ತಿಯು ಎಷ್ಟಿದೆಯೆಂದು ಅಳೆಯುವ ಕೊಳಗವು ಯಾವ ಯಜಮಾನನ ಬಳಿಯಲ್ಲಿದೆ? ಅದನ್ನು ದೇವರಿಗೇ ಬಿಡುವುದು ಲೇಸು.

ಕೊನೆಯದಾಗಿ, ಈ ಪ್ರಶ್ನೆಯಲ್ಲಿ ನಿಜವಾಗಿ ಪಣಕ್ಕೆ ಬಿದ್ದಿರುವವರು ಯಾರೆಂಬುದನ್ನು ನೆನೆಯೋಣ. ಪ್ರಖ್ಯಾತರಿಗೆ ಬಹಿಷ್ಕಾರದಿಂದ ಆಗುವ ಹಾನಿ ಕಡಿಮೆ. ಕೆಲವೊಮ್ಮೆ ಲಾಭವೇ ಆಗುವುದು. 'ಆವರಣ'ವು ವಿವಾದದ ಬೆನ್ನೇರಿ ಮುದ್ರಣದ ಮೇಲೆ ಮುದ್ರಣವನ್ನು ಕಂಡಿತು. ಸಾಯುವವನು ಸಣ್ಣ ಕಲಾವಿದ. ಮಳೆಗಾಲ ಕಳೆದ ಮೇಲೆ ಮೇಳದ ತಿರುಗಾಟಕ್ಕೆ ಹೊರಟು, ಮೇ ತಿಂಗಳ ಪತ್ತನಾಜೆಯಂದು ಗೆಜ್ಜೆ ಬಿಚ್ಚಿ, ಮುಂದಿನ ತಿಂಗಳುಗಳನ್ನು ಅಲ್ಲೊಂದು ಇಲ್ಲೊಂದು ತಾಳಮದ್ದಳೆಯ ವೀಳ್ಯದಿಂದ ನೂಕುವ ಮದ್ದಳೆಗಾರನಿಗೆ ಹೆಸರಿನ ಆಸರೆಯಿಲ್ಲ, ಪತ್ರಿಕೆಯ ಆಸರೆಯಿಲ್ಲ, ಕೋರ್ಟಿಗೆ ಹೋಗುವ ಬಲವಿಲ್ಲ. ಅವನಿಗೊಂದು ಮತವಿದೆ, ಒಂದು ವಿಚಾರವಿದೆ. ಊರಿನವರು ಅದನ್ನು ವಿಚಾರಿಸತೊಡಗಿದರೆ ಅವನೇನು ಮಾಡಿಯಾನು? ಕರೆದವರಿಗೆ ಹಿತವಾದುದನ್ನು ನುಡಿಯುವನು. ಈ ಊರಿನಲ್ಲಿ ಒಂದು, ಆ ಊರಿನಲ್ಲಿ ಇನ್ನೊಂದು. ನಂಬಿಕೆಯ ಪರೀಕ್ಷೆಯನ್ನಿಟ್ಟವರಿಗೆ ದೊರೆಯುವವರು ನಂಬಿಕಸ್ಥರಲ್ಲ, ನಟನೆಯನ್ನು ರಂಗಸ್ಥಳದಿಂದ ಕೆಳಗಿಳಿದ ಮೇಲೆಯೂ ಮುಂದುವರಿಸುವ ಮುಖಸ್ತುತಿಗಾರರು. ಆಗ ಕಲೆಯೂ ಕೆಟ್ಟಿತು, ಮನುಷ್ಯನೂ ಕೆಟ್ಟನು.

ಪತ್ರಿಕಾವೃತ್ತಿಯ ನಾವೂ ಇದರಲ್ಲಿ ನಿರ್ದೋಷಿಗಳಲ್ಲ. ಗಾಯಕನನ್ನು ಕಂಡರೆ ರಾಗದ ಮ���ತೆತ್ತದೆ ಚುನಾವಣೆಯ ಮಾತೆತ್ತಿ, ಬಾಯಿಂದ ಜಾರಿದ ಒಂದು ನುಡಿಯನ್ನು ದಪ್ಪಕ್ಷರದಲ್ಲಿ ಅಚ್ಚುಮಾಡಿ, ಮರುದಿನ ಹೊತ್ತಿದ ಬೆಂಕಿಯ ಮುಂದೆ ಕೈಕಾಸಿಕೊಳ್ಳುವ ಚಟವು ನಮ್ಮಲ್ಲಿ ಬೆಳೆದಿದೆ. ಅದನ್ನು ನಾವು ಬಿಡಬೇಕು.

ನೆಲ್ಯಾಡಿಯಲ್ಲಾಗಲಿ, ಕಡಬದಲ್ಲಾಗಲಿ, ಸುಳ್ಯದಲ್ಲಾಗಲಿ ಮುಂದಿನ ಬಾರಿ ಕೂಟವನ್ನು ಏರ್ಪಡಿಸುವ ಮಹನೀಯರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೇ. ಕಲಾವಿದನನ್ನು ಕರೆಯುವಾಗ ಎರಡು ಪ್ರಶ್ನೆಗಳನ್ನು ಕೇಳಿರಿ: ಇವನು ತನ್ನ ವಿದ್ಯೆಯನ್ನು ಬಲ್ಲನೇ? ಒಪ್ಪಿದ ಕೆಲಸವನ್ನು ನಿಷ್ಠೆಯಿಂದ ಮಾಡುವನೇ? ಮೂರನೆಯ ಪ್ರಶ್ನೆಯು ನಾಲಗೆಯ ತುದಿಗೆ ಬಂದರೆ ಅದನ್ನು ನುಂಗಿಕೊಳ್ಳಿರಿ. ಅವನ ವಿಚಾರವು ಒಪ್ಪಿಗೆಯಾಗದಿದ್ದರೆ ಆಟ ಮುಗಿದ ಮೇಲೆ ಮನೆಗೆ ಕರೆದು, ಊಟಕ್ಕೆ ಬಡಿಸಿ, ಬೆಳಗಾಗುವವರೆಗೆ ವಾದ ಮಾಡಿರಿ. ತಾಳಮದ್ದಳೆಯ ನಾಡಿನವರಿಗೆ ವಾದಕ್ಕೆ ಬಡತನವಿಲ್ಲ. ಆದರೆ ಭಾಗವತನ ಜಾಗಟೆಯು ನುಡಿಯುವಾಗ ರಂಗಸ್ಥಳವು ಕಲೆಗೆ ಮೀಸಲಾಗಿರಲಿ, ಮತ್ತು ಅದರ ಮುಂದಿನ ಚಾಪೆಯು ಎಲ್ಲರಿಗೂ ಹಾಸಿರಲಿ.